ಪರುಷಮಣಿ ಬೇಡದ ಮೊಟ್ಟೆ

ಸೇಡಂ ಕಡೆಯ ಹಳ್ಳಿಯೊಂದರಿಂದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಪತ್ರ ಬರೆದಿದ್ದಾಳೆ. ಅವಳ ಅಜ್ಜಿ ಹೇಳುತ್ತಾರಂತೆ: ಟಿಟವಿ ಹಕ್ಕಿಯ ಮೊಟ್ಟೆ ಕಲ್ಲಿನಂಥದ್ದು, ಕೊಕ್ಕಿಗೆ ಬಗ್ಗುವುದಿಲ್ಲ. ತಾಯಿಹಕ್ಕಿ ಎಲ್ಲಿಂದಲೋ ಪರುಷಮಣಿ ಹುಡುಕಿ ತಂದು ಮುಟ್ಟಿಸಿದಾಗಲೇ ಮರಿ ಹೊರಬರುವುದು. ಆ ಹೊತ್ತಿಗೆ ಗೂಡಿನ ಪಕ್ಕ ಕುಡಗೋಲು ಇಟ್ಟುಬಂದರೆ ಬೆಳಗಾಗುವುದರೊಳಗೆ ಬಂಗಾರವಾಗಿರುತ್ತದೆ. "ನಾನು ಇಟ್ಟು ನೋಡಿದೆ ಸರ್, ಆಗಲಿಲ್ಲ. ಆದರೆ ಮೊಟ್ಟೆಗಳು ಒಂದು ದಿನ ಮಾಯವಾದವು. ಒಂದು ಚೂರು ಚಿಪ್ಪೂ ಅಲ್ಲಿ ಬಿದ್ದಿರಲಿಲ್ಲ. ಹಾಗಾದರೆ ಅವು ಒಡೆದದ್ದು ಹೇಗೆ?"

ಕುಡಗೋಲು ಇಟ್ಟು ನೋಡಿದಳಲ್ಲ, ಅದಕ್ಕೆ ನನ್ನ ಮೊದಲ ಶಹಬ್ಬಾಸ್. ನಂಬಿಕೆಯೊಂದನ್ನು ಕೇಳಿ ತಲೆಯಾಡಿಸುವವರು ಬಹಳ, ಕೇಳಿ ನಗುವವರು ಇನ್ನೂ ಬಹಳ. ಹೋಗಿ ಪರೀಕ್ಷಿಸಿ ಬರುವವರು ಊರಿಗೊಬ್ಬರು ಸಿಕ್ಕರೆ ಹೆಚ್ಚು. ಎರಡನೆಯ ಶಹಬ್ಬಾಸ್ ಆ ಚಿಪ್ಪಿನ ಮಾತಿಗೆ. ಇಲ್ಲದ ವಸ್ತುವನ್ನು ಗಮನಿಸುವುದು ಇರುವುದನ್ನು ಗಮನಿಸುವುದಕ್ಕಿಂತ ಕಷ್ಟ. ಈ ಎರಡು ಸಾಲಿನ ಪ್ರಶ್ನೆಗೆ ಉತ್ತರ ಹುಡುಕುತ್ತ ಈ ವಸಂತದಲ್ಲಿ ನಾನು ಮನೆಯ ಹಿಂದಿನ ದಾರಿಯಲ್ಲಿ ಎಷ್ಟು ಸಲ ನಡೆದೆನೋ ಲೆಕ್ಕವಿಲ್ಲ.

ನಮ್ಮ ಕಲಬುರಗಿ ಕಡೆಯ ವಸಂತ ಎಂದರೆ ಮಲೆನಾಡಿನವರಿಗೆ ನಂಬಿಕೆ ಬಾರದು. ಯುಗಾದಿಯ ಹೊತ್ತಿಗೆ ತೊಗರಿ, ಕಡಲೆ, ಕುಸುಬಿ ಎಲ್ಲ ಮನೆ ಸೇರಿರುತ್ತವೆ. ಹೊಲದಲ್ಲಿ ಜೋಳದ ಕೂಳೆ ಮಾತ್ರ ಕಾಲಿಗೆ ಚುಚ್ಚುತ್ತದೆ. ಎರೆಮಣ್ಣು ಬಿರುಕು ಬಿಟ್ಟು ಬಾಯ್ದೆರೆದಿರುತ್ತದೆ. ಚಿಂಚೋಳಿಯ ಕುರುಚಲು ಕಾಡಿನಲ್ಲಿ ಎಲೆಯಿಲ್ಲದ ಮುತ್ತುಗ ಕೆಂಡದಂತೆ ಹೂವಾಗಿ, ಆ ಹೂವೂ ಉದುರಿ ಮುಗಿದಿರುತ್ತದೆ. ಇಲ್ಲಿ ಶಹಾಬಾದ್ ಸುತ್ತ ಬೇವು ಹೂಬಿಟ್ಟು ಬೆಳಗಿನ ಗಾಳಿಗೆ ಒಂದು ಕಹಿಸಿಹಿ ವಾಸನೆ ಬೆರೆಯುತ್ತದೆ. ಅದಷ್ಟೇ ನಮ್ಮ ವಸಂತ. ಹತ್ತು ಗಂಟೆಗೆ ಬಿಸಿಲು ಬೆನ್ನು ಸುಡಲು ಶುರು.

ನಾನು ನಡೆಯುವುದು ಒಂದು ಹಳೆಯ ಪರಸಿಕಲ್ಲಿನ ಖಣಿಯ ಕಡೆಗೆ. ಕಲ್ಲು ತೆಗೆದು ಬಿಟ್ಟ ಗುಂಡಿಯಲ್ಲಿ ಮಳೆನೀರು ನಿಂತಿದೆ. ಸುತ್ತ ಒಡೆದ ಹಾಸುಗಲ್ಲಿನ ಚೂರುಗಳ ದಿಬ್ಬ. ಅದರ ಆಚೆ ಬಯಲು. ಆ ದಿಬ್ಬದ ಹತ್ತಿರ ಬಂದರೆ ಸಾಕು, ಎಲ್ಲಿಂದಲೋ "ಟಿಟ್ಟಿಟ್ಟೀ... ಟಿಟೀಟೀಟೀ" ಎಂದು ಕಿವಿ ಗುಯ್ಯೆನ್ನುವಂತೆ ಕೂಗುತ್ತ ಎರಡು ಹಕ್ಕಿ ತಲೆಯ ಮೇಲೆ ಸುತ್ತತೊಡಗುತ್ತವೆ. ಕಪ್ಪು ತಲೆ, ಕಪ್ಪು ಎದೆ, ಕಂಚಿನ ಬಣ್ಣದ ರೆಕ್ಕೆ, ಉದ್ದನೆಯ ಹಳದಿ ಕಾಲು, ಕಣ್ಣಿನ ಮುಂದೆ ಕುಂಕುಮ ಒತ್ತಿದಂತೆ ಕೆಂಪು ತೊಗಲು. ಪುಸ್ತಕದ ಹೆಸರು ಕೆಂಪು ಟಿಟ್ಟಿಭ. ಮರಾಠಿಯವರಿಗೆ ಟಿಟವಿ, ಸೇಡಂ ಆಚೆ ತಾಂಡೂರಿನ ತೆಲುಗಿನವರಿಗೆ ತೀತುವು ಪಿಟ್ಟ. ಎಲ್ಲರೂ ಅದರ ಕೂಗನ್ನೇ ಹೆಸರಾಗಿ ಕಟ್ಟಿದ್ದಾರೆ.

ಮೊದಲ ಮೂರು ದಿನ ನನಗೆ ಗೂಡು ಸಿಗಲಿಲ್ಲ. ಹಕ್ಕಿ ಇಲ್ಲೇ ಎಲ್ಲೋ ಕೂತಿತ್ತು, ನಾನು ಬರುವ ಮೊದಲೇ ಎದ್ದು ನಡೆದು ದೂರ ಹೋಗಿ ಅಲ್ಲಿಂದ ಕೂಗುತ್ತಿತ್ತು. ನಾಲ್ಕನೆಯ ದಿನ ಒಬ್ಬ ಕುರಿಗಾಹಿ ಹಿರಿಯರು ನನ್ನ ಪರದಾಟ ನೋಡಿ ಬಡಿಗೆ ಚಾಚಿದರು. "ಅಲ್ಲೇ ಅದ ನೋಡ್ರಿ, ನಿಮ್ಮ ಕಾಲಾಗೇ ಅದ." ಬಗ್ಗಿ ನೋಡಿದೆ. ಬರೀ ಕಲ್ಲು. ಮತ್ತೆ ನೋಡಿದೆ. ಕಲ್ಲುಗಳ ನಡುವೆ ನಾಲ್ಕು ಕಲ್ಲುಗಳು ತುಸು ಹೆಚ್ಚು ದುಂಡಗಿದ್ದವು. ಮಣ್ಣುಬೂದಿ ಬಣ್ಣದ ಮೇಲೆ ಕಪ್ಪು ಕಲೆ, ಚೂಪು ತುದಿಗಳೆಲ್ಲ ಒಳಮುಖವಾಗಿ ಹೂವಿನ ಎಸಳಿನಂತೆ ಜೋಡಿಸಿದ್ದು, ಸುತ್ತ ಒಂದಿಷ್ಟು ಸಣ್ಣ ಹರಳು, ಒಂದೆರಡು ಆಡಿನ ಹಿಕ್ಕೆ. ಹುಲ್ಲಿಲ್ಲ, ಕಡ್ಡಿಯಿಲ್ಲ, ನೆರಳಂತೂ ಇಲ್ಲವೇ ಇಲ್ಲ. ಗೂಡು ಎಂಬ ಮಾತೇ ಅದಕ್ಕೆ ದೊಡ್ಡದು. ಇಂಥ ಜಾಗ ಈ ಹಕ್ಕಿಗೆ ಹೊಸತೇನೂ ಅಲ್ಲ. ರೈಲು ಹಳಿಗಳ ನಡುವಿನ ಜಲ್ಲಿಯಲ್ಲಿ, ಚಪ್ಪಟೆ ಮಾಳಿಗೆಯ ಮೇಲೆ ಕೂಡ ಅದು ಮೊಟ್ಟೆಯಿಟ್ಟು ಮರಿ ಮಾಡಿದ್ದು ದಾಖಲಾಗಿದೆ.

ಮೊಟ್ಟೆ ನಾಲ್ಕಿದ್ದರೆ ನಾಲ್ಕು ತಿಂಗಳು ಮಳೆ, ದಿಬ್ಬದ ಮೇಲಿಟ್ಟರೆ ದೊಡ್ಡ ಮಳೆ, ತಗ್ಗಿನಲ್ಲಿಟ್ಟರೆ ಬರ ಎಂದು ಲೆಕ್ಕ ಹಾಕುವವರು ರಾಜಸ್ಥಾನದಿಂದ ಮಹಾರಾಷ್ಟ್ರದವರೆಗೂ ಇದ್ದಾರೆ. ನಾಲ್ಕು ಈ ಹಕ್ಕಿಯ ಮಾಮೂಲಿ ಎಣಿಕೆ. ಟಿಟ್ಟಿಭದ ಬಂಧುಬಳಗದಲ್ಲಿ ಬಹುಪಾಲು ಹಕ್ಕಿಗಳು ಇಡುವುದು ನಾಲ್ಕೇ. ಪೇರಲೆಯಾಕಾರದ ನಾಲ್ಕು ಮೊಟ್ಟೆಗಳನ್ನು ಚೂಪು ತುದಿ ಒಳಗಾಗಿ ಇಟ್ಟರೆ ಒಂದು ಹೊಟ್ಟೆಯ ಕೆಳಗೆ ಸರಿಯಾಗಿ ಅಡಗುತ್ತವೆ. ಬರಗಾಲದ ವರ್ಷವೂ ಅದು ಸಾಮಾನ್ಯವಾಗಿ ನಾಲ್ಕೇ ಇಡುತ್ತದೆ. ಈ ವಿಷಯ ಇಲ್ಲಿಗೆ ಸಾಕು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬಿಸಿಲು. ಆ ಜಾಗದಲ್ಲಿ ಮಧ್ಯಾಹ್ನ ಬರಿಗಾಲಿಟ್ಟರೆ ಬೊಬ್ಬೆ ಏಳುತ್ತದೆ. ಏಪ್ರಿಲ್–ಮೇನಲ್ಲಿ ನಮ್ಮ ಜಿಲ್ಲೆಯ ಗಾಳಿಯೇ 42 ಡಿಗ್ರಿ ದಾಟುತ್ತದೆ, ಬಿಸಿಲು ಕುಡಿದ ಕಲ್ಲು ಅದಕ್ಕಿಂತ ಎಷ್ಟೋ ಹೆಚ್ಚು. ಹಕ್ಕಿಯ ಭ್ರೂಣ ಚೆನ್ನಾಗಿ ಬೆಳೆಯುವುದು 37–38 ಡಿಗ್ರಿಯ ಆಸುಪಾಸಿನಲ್ಲಿ. ಒಳಗಿನ ಉಷ್ಣತೆ 42 ದಾಟಿ ಸ್ವಲ್ಪ ಹೊತ್ತು ಹಾಗೇ ನಿಂತರೆ ಅದು ಸತ್ತುಹೋಗುತ್ತದೆ. ಹಕ್ಕಿ ಮೊಟ್ಟೆಗೆ ಕಾವು ಕೊಡುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಇಲ್ಲಿ ಕಾವು ಕೊಡಲು ಸೂರ್ಯನೊಬ್ಬ ಸಾಕು, ಬೇಡವೆಂದರೂ ಕೊಡುತ್ತಾನೆ. ಶಹಾಬಾದಿನ ಟಿಟ್ಟಿಭ ಬೆಳಗಿನ ಹತ್ತರಿಂದ ಸಂಜೆಯವರೆಗೆ ಮಾಡುವ ಕೆಲಸ ಕಾವನ್ನು ಕದಿಯುವುದು.

ದೂರದ ಬೇವಿನ ಮರದ ಕೆಳಗೆ ಕೂತು ದುರ್ಬೀನಿನಲ್ಲಿ ಇಡೀ ಮಧ್ಯಾಹ್ನ ನೋಡಿದೆ. ಹಕ್ಕಿ ಮೊಟ್ಟೆಗಳ ಮೇಲೆ ಒತ್ತಿ ಕೂರದೆ ಕಾಲು ಅರ್ಧ ಮಡಿಸಿ ನಿಂತಿತ್ತು, ಚಪ್ಪರದ ಹಾಗೆ. ರೆಕ್ಕೆ ತುಸು ಸಡಿಲ, ಬೆನ್ನಿನ ಪುಕ್ಕ ಕೆದರಿದೆ, ಕೊಕ್ಕು ತೆರೆದು ಏದುಸಿರು. ಅದರ ಪುಟ್ಟ ನೆರಳು ನಾಲ್ಕು ಮೊಟ್ಟೆಗಳ ಮೇಲೆ ಬಿದ್ದಿತ್ತು. ಇನ್ನೊಂದು ಹಕ್ಕಿ ಖಣಿಯ ನೀರಿನ ಅಂಚಿನಲ್ಲಿ ಇಳಿಯಿತು. ನೀರು ಕುಡಿಯಲು ಬಂತೆಂದುಕೊಂಡೆ. ಅದು ಹೊಟ್ಟೆ ಮುಳುಗುವಷ್ಟು ಆಳಕ್ಕೆ ನಡೆದು ನಿಂತಿತು. ಪುಕ್ಕ ಅಗಲಿಸಿ ಮೈಯನ್ನು ಹಿಂದೆ ಮುಂದೆ ತೂಗಿತು, ಬಟ್ಟೆ ಜಾಲಿಸುವವರ ಹಾಗೆ. ಒಂದು ಹನಿಯನ್ನೂ ಕೊಡವದೆ ಹಾರಿ ಬಂದು, ಗೂಡಿನ ಸ್ವಲ್ಪ ದೂರದಲ್ಲಿ ಇಳಿದು, ತೊಟ್ಟಿಕ್ಕುವ ಹೊಟ್ಟೆಯಲ್ಲೇ ನಡೆಯಿತು. ನಿಂತಿದ್ದ ಹಕ್ಕಿ ಸರಿಯಿತು. ಬಂದದ್ದು ಒದ್ದೆ ಹೊಟ್ಟೆಯನ್ನು ಮೊಟ್ಟೆಗಳ ಮೇಲಿಟ್ಟು ಕೂತಿತು. ಸರಿದ ಹಕ್ಕಿ ನೇರ ನೀರಿಗೆ ಹೋಯಿತು.

ನಾನು ಆ ಮರದ ಕೆಳಗೆ ಎದ್ದು ನಿಂತುಬಿಟ್ಟೆ. ಪುಸ್ತಕದಲ್ಲಿ ಓದಿ ಗೊತ್ತಿದ್ದ ಸಂಗತಿಯೇ. ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿದರಲ್ಲ, ಅವರ ಪತ್ನಿ ಹೆಲೆನ್ ಸ್ಪರ್ವೆ ಮತ್ತು ಜೊತೆಗಾರ ಸುರೇಶ ಜಯಕರ್ ನಮ್ಮ ಹಕ್ಕಿಯ ಸೋದರ ಹಳದಿ ಟಿಟ್ಟಿಭವನ್ನು ಗೂಡಿನ ಹತ್ತಿರ ಕಾದು ಕೂತು ನೋಡಿ, ಒಣಗಾಲದಲ್ಲಿ ಮೊಟ್ಟೆಯಿಡುವ ಹಕ್ಕಿ ಎಂದು 1965ರಲ್ಲಿ ವಿವರವಾಗಿ ಬರೆದರು. ಕೆಂಪು ಟಿಟ್ಟಿಭವೂ ಹೊಟ್ಟೆ ನೆನೆಸಿ ತರುವುದನ್ನು ನಮ್ಮ ದೇಶದ ಹಕ್ಕಿ ವೀಕ್ಷಕರು ಬರೆದಿಟ್ಟಿದ್ದಾರೆ. ಓದುವುದು ಬೇರೆ. ಆ ಹನಿ ಬಿಸಿ ಪರಸಿಯ ಮೇಲೆ ಬಿದ್ದು ಕಣ್ಣೆದುರೇ ಆರಿಹೋಗುವುದನ್ನು ನೋಡುವುದು ಬೇರೆ. ಕುರಿಗಾಹಿ ಹಿರಿಯರಿಗೆ ಹೇಳಿದರೆ ಅವರಿಗೇನೂ ಆಶ್ಚರ್ಯವಾಗಲಿಲ್ಲ. "ಹೂಂ ಮತ್ತ, ಹೊಟ್ಟಿ ತೋಯಿಸ್ಕೊಂಡು ಬರ್ತದ. ತತ್ತಿ ಸುಡಬಾರ್ದಲ್ಲ."

ಅಷ್ಟು ನೀರಿನಿಂದ ಏನಾದೀತು ಎನ್ನಬೇಡಿ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಹೀರುತ್ತದೆ. ಅರ್ಧ ಕಿಲೋಗಿಂತ ಹೆಚ್ಚು ನೀರನ್ನು ಒಂದು ಡಿಗ್ರಿ ತಣಿಸಲು ತೆಗೆಯಬೇಕಾದಷ್ಟು ಶಾಖ ಅದು. ಮನೆಯ ಹರವಿಯಲ್ಲಿ ನೀರು ತಂಪಾಗುವುದೂ ಹೀಗೇ, ಮಣ್ಣಿನ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆರುತ್ತ ಆರುತ್ತ ಒಳಗಿನ ಶಾಖ ಒಯ್ಯುತ್ತದೆ. ಇದಕ್ಕೆ ಒಣಗಾಳಿ ಬೇಕು, ಅದು ನಮ್ಮಲ್ಲಿ ಧಾರಾಳ. ಗಾಳಿ 42 ಡಿಗ್ರಿ ಇದ್ದು ತೇವಾಂಶ ಶೇಕಡಾ 15 ಇದ್ದರೆ, ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರು ಸುಮಾರು 22 ಡಿಗ್ರಿಗೆ ಇಳಿಯುತ್ತದೆ. ಇಪ್ಪತ್ತು ಡಿಗ್ರಿಯ ಇಳಿಕೆ, ಕರೆಂಟಿಲ್ಲದೆ! ಮಂಗಳೂರಿನಲ್ಲಿ ಸೋಲುವ ಕೂಲರು ಕಲಬುರಗಿಯಲ್ಲಿ ಗೆಲ್ಲುವುದೂ ಈ ಕಾರಣಕ್ಕೇ. ಒದ್ದೆ ಹೊಟ್ಟೆಯ ಕೆಳಗಿನ ಮೊಟ್ಟೆ 22ಕ್ಕೆ ಇಳಿಯುವುದಿಲ್ಲ, ಇಳಿಯಲೂ ಬಾರದು. ಹಕ್ಕಿಯ ಮೈಯೇ 41 ಡಿಗ್ರಿಯ ಒಲೆ, ಕೆಳಗೆ ಕಾದ ಕಲ್ಲು. ಈ ಎರಡರ ನಡುವೆ ಒಂದು ತೇವದ ಪದರ ಹಿಡಿದಿಟ್ಟು, ಅಪಾಯದ ಗೆರೆಯಿಂದ ಈಚೆಗೆ ಮೊಟ್ಟೆಯನ್ನು ಉಳಿಸಿಕೊಂಡರೆ ಹಕ್ಕಿ ಗೆದ್ದಂತೆ. ಪದರ ಆರಿತು ಎಂದಾಗ ಮತ್ತೆ ನೀರಿಗೆ. ಹೀಗೆ 28ರಿಂದ 30 ದಿನ, ಗಂಡುಹೆಣ್ಣು ಇಬ್ಬರೂ, ಪಾಳಿ ಬದಲಿಸುತ್ತ.

ಹೊಟ್ಟೆಯಲ್ಲಿ ನೀರು ತರುವ ಇನ್ನೊಂದು ಹಕ್ಕಿಯ ಮಾತೂ ಇಲ್ಲಿ ಹೇಳಿಬಿಡುತ್ತೇನೆ. ಮರಳುಗೌಜಲು ಗಂಡು ಎದೆಹೊಟ್ಟೆಯ ಪುಕ್ಕದಲ್ಲಿ ನೀರು ಹೀರಿಸಿಕೊಂಡು ಮೈಲಿಗಟ್ಟಲೆ ಹಾರಿ ಮರಿಗಳಿಗೆ ಕುಡಿಸುತ್ತದೆ. ಆಫ್ರಿಕದ ಒಂದು ಜಾತಿ ಸುಮಾರು 25 ಮಿಲಿಲೀಟರು ಹೊರಬಲ್ಲದು. ಆ ಪುಕ್ಕದ ಎಳೆಗಳು ಸುರುಳಿ ಬಿಚ್ಚಿ ನೀರನ್ನು ಹಿಡಿದುಕೊಳ್ಳುವ ಬಗೆಯನ್ನು ಅಮೆರಿಕದ ಇಬ್ಬರು ಎಂಜಿನಿಯರುಗಳು 2023ರಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಬಿಡಿಸಿ ತೋರಿಸಿದರು. ಟಿಟ್ಟಿಭದ ಪುಕ್ಕಕ್ಕೆ ಅಂಥ ವಿಶೇಷ ರಚನೆಯಿಲ್ಲ. ಅದಕ್ಕೇ ಅದು ನೀರಿಗೆ ಸಮೀಪವಿದ್ದು ಪದೇ ಪದೇ ಓಡಾಡುತ್ತದೆ.

ಈಗ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ಅಜ್ಜಿಯ ಮಾತಿನಲ್ಲಿ ಅರ್ಧ ನಿಜವಿದೆ: ಮೊಟ್ಟೆ ಕಲ್ಲಿನದೇ. ಮೊಟ್ಟೆಚಿಪ್ಪಿನ ನೂರಕ್ಕೆ ತೊಂಬತ್ತೈದರಷ್ಟು ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಕ್ಯಾಲ್ಸೈಟ್ ಎಂಬ ಹರಳಿನ ರೂಪದಲ್ಲಿ. ಶಹಾಬಾದ್ ಪರಸಿ ಯಾವುದರಿಂದ ಆಗಿದೆ? ಅದೂ ಸುಣ್ಣಕಲ್ಲು, ಅದರ ಮುಖ್ಯ ಹರಳೂ ಕ್ಯಾಲ್ಸೈಟೇ. ನಿಂಬೆಹಣ್ಣು ಹಿಂಡಿದರೆ ಎರಡೂ ನೊರೆಯುತ್ತವೆ. ಮಾಡಿ ನೋಡಬಹುದು, ಕೋಳಿಮೊಟ್ಟೆಯ ಚಿಪ್ಪಿನಲ್ಲಿ. ಪರಸಿಯ ಚೂರುಗಳ ನಡುವೆ ಮೊಟ್ಟೆ ಕಾಣದಂತೆ ಅಡಗಿತ್ತಲ್ಲ, ಬಣ್ಣದ ಮಾತು ಹಾಗಿರಲಿ, ಜಾತಿಯಲ್ಲೂ ಅವು ಒಂದೇ.

ಒಂದೇ ಕಲ್ಲಿನ ಸುತ್ತ ನಮ್ಮ ಸೀಮೆಯಲ್ಲಿ ಎರಡು ಕಾರ್ಖಾನೆ ನಡೆಯುತ್ತವೆ ನೋಡಿ. ವಾಡಿಯ ಸಿಮೆಂಟ್ ಗೂಡಿನಲ್ಲಿ ಈ ಸುಣ್ಣಕಲ್ಲನ್ನು ಜೇಡಿಯೊಂದಿಗೆ ಸುಮಾರು 1450 ಡಿಗ್ರಿವರೆಗೆ ಕಾಯಿಸುತ್ತಾರೆ. ಕಲ್ಲಿನೊಳಗಿನ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗಿ ಗಾಳಿಗೆ ಹೋಗುತ್ತದೆ. ಹೆಣ್ಣುಹಕ್ಕಿಯ ಒಡಲಿನಲ್ಲಿ ನಡೆಯುವುದು ಇದರ ತಿರುಗುಮುರುಗು. ತಿಂದ ಬಸವನಹುಳದ ಚಿಪ್ಪು, ಕೀಟ, ಕಾಳಿನಿಂದ ಬಂದ ಕ್ಯಾಲ್ಸಿಯಂ ರಕ್ತದಲ್ಲಿ ಹರಿದು ಬರುತ್ತದೆ, ಅದಕ್ಕೆ ಉಸಿರಿನ ಇಂಗಾಲ ಕೂಡಿಕೊಂಡು ಕಲ್ಲಾಗುತ್ತದೆ. ಅದೂ 41 ಡಿಗ್ರಿಯಲ್ಲಿ. ಕೋಳಿ ಈ ಕೆಲಸವನ್ನು ಸುಮಾರು 20 ಗಂಟೆಯಲ್ಲಿ ಮುಗಿಸುತ್ತದೆ.

ಇಷ್ಟು ಗಟ್ಟಿ ಕಲ್ಲನ್ನು ಕೈಬೆರಳಿನಷ್ಟು ಮರಿ ಒಡೆಯುವುದು ಹೇಗೆ? ಒಡೆಯುವ ಮೊದಲು ಅದನ್ನು ತಿಂದು ತೆಳ್ಳಗೆ ಮಾಡಿರುತ್ತದೆ! ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಪ್ರಿಯವಾದ ಸಂಗತಿ ಇದು. ಭ್ರೂಣಕ್ಕೆ ಮೂಳೆ ಕಟ್ಟಲು ಕ್ಯಾಲ್ಸಿಯಂ ಬೇಕು. ಮೊಟ್ಟೆಯ ಹಳದಿ ಲೋಳೆಯಲ್ಲಿ ಇರುವುದು ಸ್ವಲ್ಪವೇ. ಚಿಪ್ಪಿನ ಒಳಮೈಗೆ ಅಂಟಿಕೊಂಡು ರಕ್ತನಾಳ ತುಂಬಿದ ಒಂದು ಪೊರೆ ಬೆಳೆಯುತ್ತದೆ. ಅದು ಚಿಪ್ಪಿನ ರಂಧ್ರಗಳಿಂದ ಉಸಿರಾಡುತ್ತದೆ, ಜೊತೆಗೆ ಮೆಲ್ಲಗೆ ಆಮ್ಲ ಸುರಿಸಿ ಚಿಪ್ಪನ್ನು ಒಳಗಿನಿಂದ ಕರಗಿಸಿ ಕ್ಯಾಲ್ಸಿಯಂ ಹೀರುತ್ತದೆ. ನಿಂಬೆರಸ ಮಾಡಿದ್ದೇ ಕೆಲಸ, ತೀರಾ ನಿಧಾನವಾಗಿ. ಕೋಳಿಮರಿಯ ಮೂಳೆಗಳಲ್ಲಿರುವ ಕ್ಯಾಲ್ಸಿಯಂನ ಸುಮಾರು ಐದರಲ್ಲಿ ನಾಲ್ಕು ಪಾಲು ಚಿಪ್ಪಿನಿಂದ ಬಂದದ್ದು. ಗೋಡೆಯ ಕಲ್ಲು ಒಂದೊಂದಾಗಿ ಕಳಚಿ ಒಳಗಿರುವವನ ಎಲುಬಾಗುತ್ತದೆ. ಮರಿ ಬಲಿತಂತೆ ಗೋಡೆ ಸಡಿಲ. ತಿಂಗಳು ತುಂಬುವ ಹೊತ್ತಿಗೆ ಮರಿಯ ಕೊಕ್ಕಿನ ತುದಿಯಲ್ಲಿ ಒಂದು ಬಿಳಿ ಮುಳ್ಳು ಮೂಡಿರುತ್ತದೆ, ಮೊಟ್ಟೆಹಲ್ಲು ಎನ್ನುತ್ತಾರೆ. ಒಳಗೇ ತಿರುಗುತ್ತ ಅದರಿಂದ ಕುಟ್ಟಿ ಕುಟ್ಟಿ ಚಿಪ್ಪನ್ನು ಬಿರಿಸುತ್ತದೆ. ಹೊರಬಂದ ಕೆಲವೇ ದಿನಗಳಲ್ಲಿ ಆ ಹಲ್ಲು ಉದುರಿಹೋಗುತ್ತದೆ. ಪರುಷಮಣಿ ಎಂದು ಕರೆಯಲೇಬೇಕಾದರೆ ಆ ಪುಟ್ಟ ಮುಳ್ಳನ್ನು ಕರೆಯಬಹುದು.

ಚಿಪ್ಪು ಎಲ್ಲಿ ಹೋಯಿತು? ತಂದೆತಾಯಿ ಒಯ್ದವು. ನೆಲದ ಮೇಲೆ ಗೂಡು ಮಾಡುವ ಟಿಟ್ಟಿಭದಂಥ ಹಕ್ಕಿಗಳು ಮರಿ ಹೊರಬಂದ ಕೂಡಲೇ ಒಡೆದ ಚಿಪ್ಪನ್ನು ಕಚ್ಚಿಕೊಂಡು ದೂರ ಎಸೆದುಬರುತ್ತವೆ. ಹೊರಮೈ ಕಲ್ಲಿನಂತಿದ್ದರೂ ಚಿಪ್ಪಿನ ಒಳಮೈ ಬೆಳ್ಳಗೆ, ಬಿಸಿಲಿಗೆ ಕನ್ನಡಿ ಹೊಳೆದಂತೆ ಕಾಗೆಯ ಕಣ್ಣಿಗೆ ಬೀಳುತ್ತದೆ. ನಿಕೊ ಟಿಂಬರ್ಗೆನ್ ಎಂಬ ವಿಜ್ಞಾನಿ, ಮುಂದೆ 1973ರಲ್ಲಿ ನೊಬೆಲ್ ಪಡೆದವರು, ಕಡಲಕ್ಕಿಗಳ ಮೊಟ್ಟೆಗಳ ಪಕ್ಕ ಒಡೆದ ಚಿಪ್ಪು ಇಟ್ಟು, ಇಡದೆ, ಬೇರೆಬೇರೆ ದೂರದಲ್ಲಿಟ್ಟು ಪ್ರಯೋಗ ಮಾಡಿದರು. ಚಿಪ್ಪು ಹತ್ತಿರವಿದ್ದ ಮೊಟ್ಟೆಗಳನ್ನೇ ಕಾಗೆಗಳು ಹೆಚ್ಚು ಹುಡುಕಿ ತಿಂದವು. ನಿನ್ನೆ ನಾಲ್ಕು ಕಲ್ಲಿನಂಥ ಮೊಟ್ಟೆ, ಇವತ್ತು ಖಾಲಿ ಜಾಗ, ಒಂದು ಚೂರೂ ಇಲ್ಲ. ಇದನ್ನು ಕಂಡ ದನಗಾಹಿಗಳು ಮಣಿಯ ಕಥೆ ಕಟ್ಟಿದ್ದರಲ್ಲಿ ತಪ್ಪೇನಿಲ್ಲ ಎಂದು ನನಗೆ ತೋರುತ್ತದೆ. ಅವರು ಕಂಡದ್ದು ಸರಿ, ಕಾರಣ ಮಾತ್ರ ಬೇರೆ.

ಆದರೆ ಇನ್ನೊಂದು ನಂಬಿಕೆಯ ಬಗ್ಗೆ ನನಗೆ ಇಷ್ಟು ಸಮಾಧಾನವಿಲ್ಲ. ರಾತ್ರಿ ಟಿಟವಿ ಕೂಗಿದರೆ ಸಾವು ಎನ್ನುತ್ತಾರೆ. ಕೂಗಿದ ದಿಕ್ಕಿಗೆ ಕಲ್ಲು ಬೀರುತ್ತಾರೆ, ಗೂಡು ಕಂಡರೆ ಮೊಟ್ಟೆ ಒಡೆಯುತ್ತಾರೆ, ನನ್ನ ಕಣ್ಣಾರೆ ಕಂಡಿದ್ದೇನೆ. ಇದು ಬರೀ ಅನ್ಯಾಯ. ಟಿಟ್ಟಿಭ ರಾತ್ರಿಯೂ ಎಚ್ಚರವಿರುವ ಹಕ್ಕಿ, ಬೆಳದಿಂಗಳಲ್ಲಿ ಮೇಯುತ್ತದೆ. ಬಯಲಲ್ಲಿ ನರಿಯೋ ನಾಯಿಯೋ ಮನುಷ್ಯರೋ ಸುಳಿದರೆ ಕೂಗುತ್ತದೆ, ಮೊಟ್ಟೆ ನೆಲದ ಮೇಲಿದ್ದರೆ ಕೂಗದೆ ಇನ್ನೇನು ಮಾಡಬೇಕು? ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದಿದ್ದಾಗ ನಡುರಾತ್ರಿ ಊರಿಂದ ಊರಿಗೆ ಸುದ್ದಿ ಹೇಳಲು, ವೈದ್ಯರನ್ನು ಕರೆಯಲು ಜನ ಬಯಲು ದಾಟಿ ಓಡಾಡುತ್ತಾರೆ. ಅವರ ಹೆಜ್ಜೆಗೆ ಹಕ್ಕಿ ಕೂಗುತ್ತದೆ. ಹಕ್ಕಿ ಸಾವನ್ನು ಕರೆಯಲಿಲ್ಲ, ಸಾವಿನ ಮನೆಯವರು ಹಕ್ಕಿಯನ್ನು ಎಬ್ಬಿಸಿದರು.

ಅದಕ್ಕಿಂತ ಪಂಚತಂತ್ರದ ಟಿಟ್ಟಿಭವನ್ನು ನೆನೆಯಬಾರದೇ? ಮೊಟ್ಟೆ ಕದ್ದ ಸಮುದ್ರವನ್ನೇ ಒಣಗಿಸುತ್ತೇನೆಂದು ಹೊರಟ ಹಕ್ಕಿ ಅದು. ಕೊನೆಗೆ ಗರುಡನ ಮೂಲಕ ದೂರು ವಿಷ್ಣುವಿನವರೆಗೆ ಹೋಗಿ ಸಮುದ್ರ ಮೊಟ್ಟೆ ಹಿಂದಿರುಗಿಸಿತು. ಖಣಿಯ ಅಂಚಿನಲ್ಲಿ ನಿಂತಾಗ ಆ ಕಥೆ ನನಗೆ ಬೇರೆಯೇ ರೀತಿಯಲ್ಲಿ ನೆನಪಾಗುತ್ತದೆ. ನಮ್ಮ ಪರಸಿ 50 ಕೋಟಿ ವರ್ಷಕ್ಕೂ ಹಿಂದೆ, ಎಲುಬಿನ ಪ್ರಾಣಿಗಳು ಭೂಮಿಯ ಮೇಲೆ ಹುಟ್ಟುವ ಮೊದಲು, ಆಳವಿಲ್ಲದ ಸಮುದ್ರವೊಂದರ ತಳದಲ್ಲಿ ಪದರ ಪದರವಾಗಿ ಕೂತ ಸುಣ್ಣದ ಕೆಸರು. ಸಮುದ್ರ ಹೋಯಿತು, ಕೆಸರು ಕಲ್ಲಾಯಿತು, ಆ ಕಲ್ಲಿನ ನಾಡಿನ ಮೇಲೆ ಕಾಗಿಣಾ ಹರಿಯಿತು, ಕಾಗಿಣೆಯ ದಡದ ಮಳಖೇಡದಲ್ಲಿ ರಾಷ್ಟ್ರಕೂಟರು ರಾಜಧಾನಿ ಕಟ್ಟಿದರು. ಇವತ್ತು ಆ ಒಣಗಿದ ಸಮುದ್ರದ ತಳದ ಮೇಲೆ ಟಿಟ್ಟಿಭ ಮೊಟ್ಟೆಯಿಟ್ಟು ಕೂತಿದೆ.

ಮೇ ತಿಂಗಳ ಒಂದು ಬೆಳಿಗ್ಗೆ ಹೋದಾಗ ಗೂಡಿನಲ್ಲಿ ಮೊಟ್ಟೆ ಇರಲಿಲ್ಲ. ಚಿಪ್ಪೂ ಇರಲಿಲ್ಲ. ಎರಡು ಹಕ್ಕಿಗಳೂ ಹುಚ್ಚೆದ್ದು ಕೂಗಿದವು. ಒಂದು ನನ್ನೆದುರು ನೆಲಕ್ಕೆ ಬಿದ್ದು ರೆಕ್ಕೆ ಮುರಿದಂತೆ ಎಳೆಯುತ್ತ ಖಣಿಯ ಕಡೆಗೆ ತೆವಳಿತು, ಹಿಂಬಾಲಿಸು ಬಾ ಎನ್ನುವ ಹಾಗೆ. ಅದರ ಆಟ ನನಗೆ ಗೊತ್ತಿತ್ತು, ಆದರೂ ಅದು ಬಯಸಿದ ಕಡೆಗೇ ನಾಲ್ಕು ಹೆಜ್ಜೆ ಹೋದೆ. ಆಮೇಲೆ ಬೇವಿನ ಮರದ ಕೆಳಗೆ ಕೂತು ಕಾದೆ. ಕೂಗು ನಿಂತ ಬಹಳ ಹೊತ್ತಿನ ಮೇಲೆ, ಗೂಡಿನಿಂದ ಮಾರು ದೂರದ ಒಂದು ಕಲ್ಲು ಎದ್ದು ನಡೆಯಿತು. ಇನ್ನೊಂದು ಎದ್ದಿತು. ಒಟ್ಟು ಮೂರು ಮರಿ, ಬೆನ್ನೆಲ್ಲ ಕಪ್ಪುಕಲೆಯ ಬೂದಿ ತುಪ್ಪಳು, ಮೈಗಿಂತ ಉದ್ದ ಎನ್ನಿಸುವ ಕಾಲು. ಹುಟ್ಟಿದ ದಿನವೇ ಓಡುವ ಜಾತಿ. ನಾಲ್ಕನೆಯದು ಕಾಣಲಿಲ್ಲ.

ಹುಡುಗಿಗೆ ನನ್ನ ಉತ್ತರ ಇದು, ಜೊತೆಗೆ ಒಂದು ಕೋರಿಕೆ. ಮುಂದಿನ ಯುಗಾದಿಗೆ ಗೂಡು ಸಿಕ್ಕರೆ ಹತ್ತಿರ ಹೋಗಬೇಡ, ಗುರುತಿಗೆಂದು ಕೋಲು ನೆಡಬೇಡ, ಕಾಗೆಗಳು ನಿನ್ನನ್ನು ನೋಡುತ್ತಿರುತ್ತವೆ. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ, ನೀರೂ ಗೂಡೂ ಎರಡೂ ಕಾಣುವ ಒಂದು ನೆರಳಿನಲ್ಲಿ ಕೂತು, ಹಕ್ಕಿ ಎಷ್ಟು ಸಲ ನೀರಿಗೆ ಹೋಯಿತು, ಎಷ್ಟು ನಿಮಿಷಕ್ಕೆ ಪಾಳಿ ಬದಲಾಯಿತು ಎಂದು ಬರೆದಿಡು. ಅಜ್ಜಿಯನ್ನೂ ಕರೆದುಕೊಂಡು ಹೋಗು. ಮರಿಗಳು ಕಂಡ ಆ ದಿನ ನಾನು ಮರದ ಕೆಳಗಿಂದ ಎದ್ದಾಗ ಗಂಡೋ ಹೆಣ್ಣೋ ತಿಳಿಯದ ಒಂದು ಹಕ್ಕಿ ಖಣಿಯಿಂದ ಬಂದು ನಿಂತಿತ್ತು, ಹೊಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಮೂರು ಮರಿಗಳೂ ಓಡಿ ಅದರ ಕೆಳಗೆ ನುಗ್ಗಿದವು.